ಫಂಕ್ಷನ್ ಲಾನಿಗೆ ಕುರಿ ಬಿಟ್ಟೆವು

ಧಾರವಾಡದಿಂದ ಹಳಿಯಾಳ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಭಾವನವರದೊಂದು ಜಾಗ ಇದೆ. ಸಣ್ಣದೊಂದು ಮನೆ, ಅದರ ಮುಂದೆ 10 ಗುಂಟೆ ಲಾನ್, ಲಾನಿನ ತುದಿಗೆ ತಗಡು ಹೊದಿಸಿದ ವೇದಿಕೆ. ಎಂಗೇಜ್‌ಮೆಂಟ್, ಕುಬಸ, ತೊಟ್ಟಿಲು ಕಾರ್ಯಕ್ಕೆ ಬಾಡಿಗೆ ಕೊಡುತ್ತಿದ್ದರು. ಬೈಪಾಸ್ ಕಡೆ ಎಸಿ ಹಾಲ್‌ಗಳು ಎದ್ದ ಮೇಲೆ ಬುಕಿಂಗ್ ಇಳಿಯಿತು. ನೀರಿನ ಖರ್ಚು ಮಾತ್ರ ಇಳಿಯಲಿಲ್ಲ. ಮಾರ್ಚ್ ಬಂದರೆ ಸಾಕು, ಬೋರು ಸ್ವಲ್ಪ ಹೊತ್ತು ಓಡಿ ಗಾಳಿ ಹೊಡೆಯುತ್ತಿತ್ತು. ಯಾರೂ ಕೂಡದ ಹುಲ್ಲಿಗೆ ದಿನಾ ನೀರು ಬಿಟ್ಟು, ವಾರಕ್ಕೊಮ್ಮೆ ಮಷಿನ್ ಓಡಿಸಿ, ಕತ್ತರಿಸಿದ ಹುಲ್ಲನ್ನು ಗುಂಡಿಗೆ ಸುರಿಯೋದು. ಭಾವ ಪೇವರ್ ಕಲ್ಲು ಹಾಸಿಬಿಡೋಣ ಅಂದರು. ನಾನು ಕುರಿ ಸಾಕೋಣ ಅಂದೆ. ಜಾಗ ಪಂಚಾಯಿತಿ ಹದ್ದಿನಲ್ಲಿದೆ, ಅಕ್ಕಪಕ್ಕ ಹೊಲ. ಕುರಿ ಕೂಗಿದರೆ ತಕರಾರು ಮಾಡುವವರು ಯಾರೂ ಇಲ್ಲ.

ಭಾವನವರ ಮೊದಲ ಪ್ರಶ್ನೆ, ಎಷ್ಟು ಕುರಿ? ಅವರ ತಲೆಯಲ್ಲಿ ಇಪ್ಪತ್ತು ಇತ್ತು. ಕೂತು ಲೆಕ್ಕ ಹಾಕಿದೆವು. 30 ಕೆಜಿ ತೂಕದ ಒಂದು ಕುರಿಗೆ ದಿನಕ್ಕೆ 3ರಿಂದ 4 ಕೆಜಿ ಹಸಿ ಮೇವು ಬೇಕು. ಒಳ್ಳೆಯ ಹುಲ್ಲು ಬೆಳೆಸಿದರೆ ಎಕರೆಗೆ ವರ್ಷಕ್ಕೆ 10 ಟನ್ ಬರುತ್ತದೆ ಅಂತ ಹಿಡಿಯಿರಿ. ನಮ್ಮದು ಕಾಲು ಎಕರೆ, ಅಂದರೆ ಎರಡೂವರೆ ಟನ್. ಅದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಏಳು ಕೆಜಿಯೂ ಇಲ್ಲ. ಎರಡು ಕುರಿಗೆ ಸರಿ. ಅದೂ ಹುಲ್ಲು ವರ್ಷಪೂರ್ತಿ ಸಮನಾಗಿ ಬರುವುದಿಲ್ಲ. ಆಷಾಢ, ಶ್ರಾವಣದಲ್ಲಿ ತಿಂದು ಮುಗಿಯದಷ್ಟು, ಏಪ್ರಿಲ್‌ನಲ್ಲಿ ಏನೂ ಇಲ್ಲ. ಮೂರು ಕುರಿ ತರೋದು, ಬೇಸಿಗೆಗೆ ಹೊಟ್ಟು ಕೊಳ್ಳೋದು ಅಂತ ಮಾತಾಯಿತು. ಭಾವನವರ ಉತ್ಸಾಹ ಅಲ್ಲಿಗೆ ಅರ್ಧ ಇಳಿಯಿತು. ಒಳ್ಳೆಯದೇ ಆಯಿತು. ಲಾನ್ ಇದೆ ಅಂತ ಲೆಕ್ಕವಿಲ್ಲದೆ ಕುರಿ ತಂದು, ಮೂರು ತಿಂಗಳಿಗೆ ಬರೀ ನೆಲ ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

ಮೊದಲ ಮಳೆಗಾಲ ನಾವು ಮಾಡಿದ್ದು ಒಂದೇ ಕೆಲಸ. ಮಷಿನ್ ನಿಲ್ಲಿಸಿದ್ದು. ನೆಲದಲ್ಲಿ ಏನಿದೆ ಅಂತ ನೋಡಬೇಕಿತ್ತು. ಲಾನಿಗೆ ಹಾಕಿದ್ದು ನರ್ಸರಿಯವರು ಮೆಕ್ಸಿಕನ್ ಅಂತ ಮಾರುವ ಹುಲ್ಲು. ನೋಡೋದಕ್ಕೆ ಮೆತ್ತಗೆ, ಬೆಳೆಯೋದು ಗೇಣುದ್ದವೂ ಇಲ್ಲ. ಕುರಿ ತಿನ್ನುತ್ತದೆ, ಆದರೆ ಹೊಟ್ಟೆ ತುಂಬುವುದಿಲ್ಲ. ಕತ್ತರಿಸೋದು ಬಿಟ್ಟ ಮೇಲೆ ಅದರ ಸಂದಿಯಿಂದ ಬೇರೆಯವೆಲ್ಲ ತಲೆ ಎತ್ತಿದವು. ಕರಕಿ, ಜೇಕು, ಮುಟ್ಟಿದರೆ ಮುನಿ, ಮೂರೆಲೆಯ ಸಣ್ಣ ನೆಲಬಳ್ಳಿಗಳು, ಅಂಚಿನಲ್ಲಿ ಕಾಂಗ್ರೆಸ್ ಕಸ. ನಮ್ಮ ಮಾಲಿ ಇಷ್ಟು ವರ್ಷ ಕೂತು ಕೂತು ಕೀಳುತ್ತಿದ್ದುದು ಇವನ್ನೇ. ಕಾಂಗ್ರೆಸ್ ಬಿಟ್ಟರೆ ಉಳಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕುರಿಯ ಊಟ. ಕಾಂಗ್ರೆಸ್ಸನ್ನು ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತೆವು. ಕೈಗೆ ಗ್ಲೌಸ್ ಹಾಕಿಕೊಂಡೇ ಕೀಳಬೇಕು, ಇಲ್ಲಾಂದ್ರೆ ತುರಿಕೆ.

ಕರಕಿಯನ್ನು ನಾನು ಕೀಳಬಾರದು ಅಂದಿದ್ದಷ್ಟೇ ಅಲ್ಲ, ತಗ್ಗಿನಲ್ಲಿ ಹಸಿ ನಿಲ್ಲುವ ಮೂಲೆಗೆ ತುಂಡು ತಂದು ಹಚ್ಚಿಸಿದೆ. ನಮ್ಮ ಅತ್ತೆಯವರ ತವರು ರೋಣದ ಕಡೆ, ಅಪ್ಪಟ ಎರೆಹೊಲ. ಅವರಿಗೆ ಇದು ನೋಡಲಿಕ್ಕೇ ಆಗಲಿಲ್ಲ. “ಕರಕಿ ಹಚ್ಚತೀಯಾ ನೀ? ನಮ್ಮಪ್ಪ ಕರಕಿ ಕಡಸಾಕ ವರ್ಷಾ ಆಳ ಹಚ್ಚತಿದ್ದ. ಯಾರರ ಕೇಳಿದ್ರ ನಗತಾರವಾ!” ಎರೆಯಲ್ಲಿ ಕರಕಿ ಬೇರು ಬಿಟ್ಟರೆ ಆಳವಾಗಿ ಅಗೆದು ತೆಗೆಸಬೇಕು, ಅದಕ್ಕೆ ಆಳಿನ ಖರ್ಚು ಎಷ್ಟು ಅನ್ನೋದು ಆ ಕಡೆಯವರಿಗೇ ಗೊತ್ತು. ಆದರೆ ಬೆಳೆಗೆ ವೈರಿಯಾದ ಆ ಹಠವೇ ಇಲ್ಲಿ ಬೇಕಾಗಿದ್ದು. ಕುರಿ ತಿಂದರೂ, ತುಳಿದರೂ, ಎರಡು ತಿಂಗಳು ಒಣಗಿಸಿದರೂ ಕರಕಿ ಮತ್ತೆ ಚಿಗುರುತ್ತದೆ. ಅತ್ತೆ ಒಂದು ಷರತ್ತು ಹಾಕಿದರು, ಪಕ್ಕದ ಹೊಲಕ್ಕೆ ಹಬ್ಬಬಾರದು. ಆ ಕಡೆ ಬೇಲಿಗುಂಟ ಒಂದು ಸಣ್ಣ ಕಾಲುವೆ ತೆಗೆಸಿದ್ದೇವೆ. ಮಳೆಗಾಲದಲ್ಲಿ ಅವರೇ ಹೋಗಿ ಅದನ್ನು ದಾಟಿ ಬಂದ ಬಳ್ಳಿ ಕಿತ್ತು ಬರುತ್ತಾರೆ.

ಆ ವರ್ಷ ಕುರಿ ಬಿಡದೇ ಇರಲು ಇನ್ನೊಂದು ಕಾರಣ ಇತ್ತು. ಲಾನಿಗೆ ಕಳೆನಾಶಕ 2,4-ಡಿ ಹೊಡೆದಿದ್ದರು, ಅಂಚಿಗೆ ಗೆದ್ದಲಿನ ಔಷಧಿ ಸುರಿದಿದ್ದರು. ಡಬ್ಬಿಗಳು ಇನ್ನೂ ಶೆಡ್ಡಿನಲ್ಲೇ ಇದ್ದವು. ಚಂದಕ್ಕೆ ಬೆಳೆಸಿದ ಹುಲ್ಲಿಗೆ ಏನೇನು ಬಿದ್ದಿರುತ್ತದೆ ಅನ್ನೋದನ್ನು ದನಕರು ಬಿಡುವ ಮುಂಚೆ ಕೇಳಿಕೊಳ್ಳಬೇಕು. ಎಲ್ಲಾ ನಿಲ್ಲಿಸಿ ಒಂದು ಪೂರ್ತಿ ಮಳೆಗಾಲ ಹೋಗಲು ಬಿಟ್ಟೆವು.

ಇನ್ನು ಮೊಳೆಗಳ ಕಥೆ. ಫಂಕ್ಷನ್ ಲಾನಿನ ಮಣ್ಣಿನಲ್ಲಿ ಏನೇನಿರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ, ನಮ್ಮನೆಯವರು ಹೇಳಿದರು. ಶಾಮಿಯಾನದ ಮೊಳೆ, ಡೆಕೋರೇಷನ್ನಿನ ಬೈಂಡಿಂಗ್ ವೈರ್, ಹೂವಿನ ದಂಡೆಯ ತಂತಿ, ಸೀರೆಯ ಪಿನ್ನು. ಕುರಿ ಹುಲ್ಲಿನ ಜೊತೆ ತಂತಿ ನುಂಗಿದರೆ ಅದು ಹೊಟ್ಟೆಯ ಗೋಡೆ ಚುಚ್ಚುತ್ತದೆ. ಹಾಳಾದ ದೊಡ್ಡ ಸ್ಪೀಕರುಗಳ ಆಯಸ್ಕಾಂತ ಬಿಚ್ಚಿ, ಒಂದು ಹಲಗೆಯ ಕೆಳಗೆ ಸಾಲಾಗಿ ಬಿಗಿದು, ಹಗ್ಗ ಕಟ್ಟಿ ಎಳೆದರು. ಹುಲ್ಲನ್ನು ಮೊದಲು ಬುಡದವರೆಗೆ ಕತ್ತರಿಸಿಕೊಂಡಿದ್ದೆವು. ಒಂದು ಸುತ್ತು ಎಳೆದು ಹಲಗೆ ತಿರುಗಿಸಿದರೆ ತುಕ್ಕು ಹಿಡಿದ ಮೊಳೆಗಳು ಮುಳ್ಳು ಎದ್ದ ಹಾಗೆ ನಿಂತಿದ್ದವು. ವೇದಿಕೆಯ ಮುಂದೆ, ಫೋಟೊ ತೆಗೆಯಲು ಎಲ್ಲರೂ ನಿಲ್ಲುವ ಜಾಗದಲ್ಲಿ, ಪಿನ್ನುಗಳೇ ಪಿನ್ನುಗಳು. ಉದ್ದಕ್ಕೆ ಎಳೆದದ್ದಾದ ಮೇಲೆ ಅಡ್ಡಕ್ಕೆ ಎಳೆದರು, ಮಳೆ ಬಿದ್ದು ಮಣ್ಣು ತೊಳೆದ ಮೇಲೆ ಮತ್ತೆ ಎಳೆದರು. ತಾಮ್ರದ ತಂತಿ, ಥರ್ಮೋಕೋಲು, ಪ್ಲಾಸ್ಟಿಕ್ ರಿಬ್ಬನ್ ಆಯಸ್ಕಾಂತಕ್ಕೆ ಸಿಗುವುದಿಲ್ಲ. ಅದನ್ನು ಕಣ್ಣಿಂದಲೇ ಹುಡುಕಬೇಕು. ಓಣಿಯ ಹುಡುಗರಿಗೆ ಚಾಕಲೇಟಿನ ಆಸೆ ತೋರಿಸಿ ಆರಿಸಿದೆವು.

ಅಂಚಿಗೆ ಚಂದಕ್ಕೆ ಹಚ್ಚಿದ್ದ ಕಣಗಿಲ ಸಾಲು ಪೂರ್ತಿ ತೆಗೆಸಿದೆವು. ಇದರಲ್ಲಿ ರಾಜಿ ಇಲ್ಲ. ಕಣಗಿಲದ ಕೆಲವೇ ಎಲೆ ಸಾಕು ಒಂದು ಕುರಿ ಸಾಯಲು, ಒಣಗಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ. ಹಸಿ ಗಿಡವನ್ನು ಕುರಿ ಮೂಸಿ ಬಿಡಬಹುದು, ಒಣಗಿ ಹುಲ್ಲಿನಲ್ಲಿ ಬೆರೆತರೆ ತಿಂದೇಬಿಡುತ್ತದೆ. ಸುಡಲೂ ಇಲ್ಲ, ಆ ಹೊಗೆಯೂ ಒಳ್ಳೆಯದಲ್ಲ. ಬೇಲಿಯಾಚೆ ಆಳವಾದ ಗುಂಡಿ ತೆಗೆಸಿ ಹುಗಿದೆವು. ಲಂಟಾನವೂ ಅದೇ ದಾರಿ ಹಿಡಿಯಿತು.

ಯಾವ ಹುಲ್ಲು ಹಾಕೋದು ಅನ್ನುವ ವಿಷಯಕ್ಕೆ ಧಾರವಾಡದವರು ಪುಣ್ಯವಂತರು. ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಇರುವುದು ನಮ್ಮೂರಲ್ಲೇ. ಡಿಎಚ್‌ಎನ್-6 ಅನ್ನುವ ಹೈಬ್ರಿಡ್ ನೇಪಿಯರ್ ತಳಿ ಇಲ್ಲಿಯದೇ, ‘ಸಂಪೂರ್ಣ’ ಅಂತ ಅದರ ಹೆಸರು. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದವರು ಮೇವಿನ ತಾಕು ನೋಡಿಯೇ ಇರುತ್ತೀರಿ. ಹೆಚ್ಚಿನವರು ಆಳೆತ್ತರದ ನೇಪಿಯರ್ ಮುಂದೆ ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಅದು ಕೊಯ್ದು ಹಾಕುವ ಮೇವು, ಎಮ್ಮೆ ಆಕಳು ಇದ್ದವರಿಗೆ ಚಿನ್ನ. ಕುರಿ ತಾನೇ ಓಡಾಡಿ ಮೇಯಬೇಕೆಂದರೆ ಬೇಕಾಗೋದು ಗಿಡ್ಡ ಹುಲ್ಲು ಮತ್ತು ದ್ವಿದಳದ ಜೋಡಿ. ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ, ನೀರು ನಿಲ್ಲುವುದಿಲ್ಲ. ಅದಕ್ಕೆ ಅಂಜನ ಹುಲ್ಲು, ಅದರ ಜೊತೆ ಸ್ಟೈಲೊ ಅನ್ನುವ ದ್ವಿದಳ ಮೇವು. ಬೇಲಿಗುಂಟ ಬೇಲಿ ಮೆಂತೆ (ಹೆಡ್ಜ್ ಲೂಸರ್ನ್ ಅನ್ನುವ ಮೇವಿನ ಪೊದೆ) ಸಾಲು. ಬೇಲಿ ಮೆಂತೆಯನ್ನು ಮೇಯಲು ಬಿಡುವುದಿಲ್ಲ, ಕುಡಗೋಲಿನಿಂದ ಕೊಯ್ದು ಹಾಕೋದು. ಸುಬಾಬುಲ್ ಒಂದೆರಡು ಗಿಡ ಮೊದಲೇ ಇದ್ದವು, ಬಿಟ್ಟೆವು. ಅದರ ಸೊಪ್ಪು ಮೇವಿನಲ್ಲಿ ಮೂರನೇ ಒಂದು ಪಾಲು ದಾಟಬಾರದು, ಜಾಸ್ತಿಯಾದರೆ ಕುರಿಯ ಉಣ್ಣೆ ಉದುರುತ್ತದೆ.

ಮಣ್ಣು ಮಾತ್ರ ಕಲ್ಲು ಕಲ್ಲಾಗಿತ್ತು. ವರ್ಷಗಟ್ಟಲೆ ರೋಲರ್ ಎಳೆದು, ಕುರ್ಚಿ ಹಾಕಿ, ಕ್ಯಾಟರಿಂಗ್ ಗಾಡಿ ತಿರುಗಿಸಿದ ನೆಲ ಅದು. ಭಾವ ಟ್ರ್ಯಾಕ್ಟರ್ ಕರೆಸುತ್ತೇನೆ ಅಂದರು. ನಾನು ಬೇಡ ಅಂದೆ. ಜಾಗ ರಸ್ತೆ ಕಡೆಗೆ ಇಳಿಜಾರು, ಪೂರ್ತಿ ಉತ್ತು ಬಿಟ್ಟರೆ ಮೊದಲ ದೊಡ್ಡ ಮಳೆಗೆ ಮೇಲ್ಮಣ್ಣು ಗಟಾರ ಸೇರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಎರಡಡಿ ಅಗಲದ ಪಟ್ಟಿ ಅಗೆಯೋದು, ಮಧ್ಯೆ ಹಳೇ ಲಾನನ್ನು ಹಾಗೇ ಬಿಡೋದು. ಹಳೆಯದು ಮಣ್ಣು ಹಿಡಿದಿರುತ್ತದೆ, ಹೊಸದು ಪಟ್ಟಿಯಲ್ಲಿ ಬೇರು ಬಿಡುತ್ತದೆ.

ಅಗೆಯುವ ಮೊದಲು, ಬೇಸಿಗೆಯಲ್ಲಿ, ಆ ದಾರಿಯಲ್ಲಿ ಬಂದ ಕುರಿಗಾರರ ಹಿಂಡನ್ನು ರಾತ್ರಿ ಅಲ್ಲಿ ನಿಲ್ಲಿಸಿಕೊಂಡೆವು. ಹೊಲದವರು ಗೊಬ್ಬರಕ್ಕಾಗಿ ದುಡ್ಡು, ಕಾಳು ಕೊಟ್ಟು ಕುರಿ ನಿಲ್ಲಿಸುವುದು ಗೊತ್ತೇ ಇದೆಯಲ್ಲ. ಲಾನಿನಲ್ಲಿ ನಿಲ್ಲಿಸ್ರಿ ಅಂದಾಗ ಆ ಅಜ್ಜ ಒಮ್ಮೆ ವೇದಿಕೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ಬೆಳಗ್ಗೆ ಹೊರಡುವಾಗ ಕಂಬಳಿ ಝಾಡಿಸುತ್ತಾ ಹೇಳಿದ ಮಾತು ಎಲ್ಲಾ ತರಬೇತಿಗಿಂತ ಉಪಯೋಗಕ್ಕೆ ಬಂತು. “ಯವ್ವಾ, ಹುಲ್ಲ ಹಾಕೂದು ದೊಡ್ಡ ಮಾತಲ್ಲ. ಕುರೀನ ಅಲ್ಲಿಂದ ಎಬ್ಬಿಸೂದು ದೊಡ್ಡ ಮಾತು. ಬುಡಾ ಕಾಣೂತನಕಾ ಬಿಟ್ಟಿ ಅಂದ್ರ ಮುಂದಿನ ಮಳಿಗೆ ಅಲ್ಲಿ ಏನೂ ಏಳೂದಿಲ್ಲ.”

ಬೀಜದ ಕೆಲಸ ಅಂಗಳದಲ್ಲಿ ನಡೆಯಿತು. ಅಂಜನ ಹುಲ್ಲಿನ ಬೀಜ ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಬರೀ ಕೂದಲು. ಫ್ಯಾನ್ ಹಾಕಿದರೆ ಮನೆ ತುಂಬ. ಆ ವರ್ಷವೇ ಕೊಯ್ದ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಕೆಲವು ತಿಂಗಳು ಹಳೆಯದಾಗಿರಬೇಕು. ಎಕರೆಗೆ 2 ಕೆಜಿ ಲೆಕ್ಕದಲ್ಲಿ ನಮಗೆ ಅರ್ಧ ಕೆಜಿ ಸಾಕಾಯಿತು. ಹಾಗೇ ಚೆಲ್ಲಿದರೆ ಗಾಳಿ ಒಯ್ಯುತ್ತದೆ, ಉಳಿದದ್ದು ಇರುವೆ ಒಯ್ಯುತ್ತದೆ. ಜರಡಿ ಹಿಡಿದ ಮಣ್ಣು, ಸೆಗಣಿ, ಸ್ವಲ್ಪ ನೀರು ಕಲಸಿ, ಬೀಜ ಸೇರಿಸಿ ಕಡಲೆಕಾಳಿನಷ್ಟು ಉಂಡೆ ಮಾಡಿ ನೆರಳಲ್ಲಿ ಒಣಗಿಸಬೇಕು. ಅತ್ತೆ, ನಾನು, ಭಾವನವರ ಮಗಳು ಕೂತು ಉರುಳಿಸಿದೆವು. ಅತ್ತೆಯವರ ಕೈಯಲ್ಲಿ ಎಲ್ಲಾ ಒಂದೇ ಅಳತೆ. ಭಾವನವರ ಮಗಳದ್ದು ಗೋಲಿಯಷ್ಟು ದೊಡ್ಡವು, ಅವನ್ನು ಒಡೆದು ಮತ್ತೆ ಮಾಡಬೇಕಾಯಿತು.

ಸ್ಟೈಲೊ ಬೀಜದ ಕಥೆ ಬೇರೆ. ಅದರ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗುವುದೇ ಇಲ್ಲ. 80 ಡಿಗ್ರಿ ಬಿಸಿ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ ತೆಗೆಯಬೇಕು. ನಮ್ಮನೆಯವರು ಥರ್ಮಾಮೀಟರ್ ಹಿಡಿದು ಒಲೆಯ ಮುಂದೆ ನಿಂತರು. ಕುದಿಯುವ ನೀರಿಗೆ ಹಾಕಿ ಬಿಟ್ಟರೆ ಬೀಜ ಬೆಂದು ಹೋಗುತ್ತದೆ. ಬೇಲಿ ಮೆಂತೆಗೂ ಇದೇ ಉಪಚಾರ.

ರೋಹಿಣಿ ಮಳೆಗೆ ನೆಲ ನೆನೆಯಿತು, ಮಿರಗಕ್ಕೆ ಬಿತ್ತಿದೆವು. ಆಳ ಅರ್ಧ ಇಂಚೂ ಬೇಡ. ಪಟ್ಟಿಯ ಮೇಲೆ ಉಂಡೆ ಚೆಲ್ಲಿ, ಮುಳ್ಳಿನ ಕೊಂಬೆ ಎಳೆದರೆ ಆಯಿತು. ಅಂಜನ ಬೇಗ ಎದ್ದಿತು. ಸ್ಟೈಲೊ ಮೊದಲ ವರ್ಷ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಬಂದೇ ಇಲ್ಲ ಅಂತ ಕಿತ್ತು ಹಾಕಬೇಡಿ. ಆ ವರ್ಷ ಕುರಿ ಬಿಡಲಿಲ್ಲ. ಬೇರು ಗಟ್ಟಿಯಾಗದ ಹುಲ್ಲನ್ನು ಕುರಿ ಬುಡಸಮೇತ ಕಿತ್ತು ಬಿಡುತ್ತದೆ. ನಾಲ್ಕೈದು ಇಂಚು ಬಿಟ್ಟು ಮೇಲಿನದನ್ನು ಕುಡಗೋಲಿನಿಂದ ಕೊಯ್ದು, ಒಣಗಿಸಿ ಅಟ್ಟಕ್ಕೆ ಹಾಕಿದೆವು. ಕೊನೆಯ ಕೊಯ್ಲಿಗೆ ಮುಂಚೆ ತೆನೆ ಬಲಿತು ಬೀಜ ಉದುರಲು ಬಿಟ್ಟೆವು. ಮುಂದಿನ ವರ್ಷ ಪಟ್ಟಿಗಳ ಮಧ್ಯದ ಹಳೇ ಲಾನಿನಲ್ಲೂ ಅಂಜನ ಕಾಣಿಸಿಕೊಂಡಿತು.

ದುಡ್ಡು ಹೆಚ್ಚು ತಿಂದಿದ್ದು ಬೇಲಿ. ಬೀಜ, ಕುರಿ ಎರಡೂ ಸೇರಿದರೂ ಚೈನ್ ಲಿಂಕ್ ಖರ್ಚಿನ ಹತ್ತಿರ ಬರಲಿಲ್ಲ. ಕುರಿ ಹೊರಗೆ ಹೋಗದಿರಲಿ ಅಂತ ಅಲ್ಲ, ನಾಯಿ ಒಳಗೆ ಬಾರದಿರಲಿ ಅಂತ. ಊರ ಹೊರಗಿನ ಬೀದಿ ನಾಯಿಗಳು ಗುಂಪಾಗಿ ಬಂದರೆ ಕಚ್ಚೋದೇ ಬೇಕಿಲ್ಲ, ಅಟ್ಟಾಡಿಸಿದರೂ ಗಬ್ಬದ ಕುರಿ ಕಂದು ಹಾಕುತ್ತದೆ. ಜಾಳಿಯ ಕೆಳಗಿನ ಅಂಚನ್ನು ನೆಲದೊಳಗೆ ಹುಗಿದೆವು, ನಾಯಿ ಕೆದರಿ ನುಸುಳುತ್ತದೆ. ರಾತ್ರಿ ಏನೇ ಆದರೂ ಒಳಗೆ ಕೂಡಬೇಕು. ಕೂಡಲು ಹೊಸ ಶೆಡ್ ಕಟ್ಟಲಿಲ್ಲ. ವೇದಿಕೆ ಇತ್ತಲ್ಲ. ಎತ್ತರದಲ್ಲಿದೆ, ಮೇಲೆ ತಗಡಿದೆ. ಸಿಮೆಂಟ್ ನೆಲ ಮಳೆಗಾಲದಲ್ಲಿ ತಣ್ಣಗೆ, ಒದ್ದೆ. ಅದರ ಮೇಲೆ ಬಿದಿರಿನ ಗಳ ಸಂದಿ ಬಿಟ್ಟು ಜೋಡಿಸಿದೆವು, ಹಿಕ್ಕೆ ಕೆಳಗೆ ಬೀಳುತ್ತದೆ, ಗೊರಸು ಒಣಗಿರುತ್ತದೆ. ನಮ್ಮ ಕಡೆ ಮಳೆ ಹುಬ್ಬಳ್ಳಿಗಿಂತ ಜಾಸ್ತಿ, ಡೆಕ್ಕನಿ ಕುರಿಗೆ ಕೆಸರಿನಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ನವಜೋಡಿ ಕೂಡುತ್ತಿದ್ದ ಸಿಂಹಾಸನದ ಜಾಗದಲ್ಲಿ ಈಗ ಮೇವು ಹಾಕುವ ಗ್ವಾದಲಿ ಇದೆ. ಭಾವ ಸಿಂಹಾಸನ ಮಾರಲು ಒಪ್ಪಿಲ್ಲ.

ಕುರಿಯನ್ನು ದೊಡ್ಡ ಸಂತೆಯಿಂದ ತರಲಿಲ್ಲ. ಅಮೀನಗಡದ ಸಂತೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೆ ನೂರು ಊರಿನ ಕುರಿ ಸೇರಿದ ಕಡೆ ನೂರು ಊರಿನ ರೋಗವೂ ಇರುತ್ತದೆ. ಗುರುತಿನವರ ಹಿಂಡಿನಿಂದ ನಾಲ್ಕು ಹಲ್ಲಿನ, ಅಂದರೆ ಸುಮಾರು ಎರಡು ವರ್ಷದ, ಹೆಣ್ಣು ಕುರಿಗಳನ್ನು ಆರಿಸಿದೆವು. ಮಳೆಗೆ ಮುಂಚೆ ಪಶು ಆಸ್ಪತ್ರೆಯಲ್ಲಿ ಇಟಿ, ಅಂದರೆ ಕರುಳಿನ ವಿಷಬೇನೆಯ ಲಸಿಕೆ ಹಾಕಿಸಿದ್ದು ಮುಖ್ಯ. ಬೇಸಿಗೆಯೆಲ್ಲ ಒಣ ಹೊಟ್ಟು ತಿಂದ ಕುರಿ ಒಮ್ಮೆಲೇ ಎಳೆ ಹುಲ್ಲಿಗೆ ಬಿದ್ದರೆ ಈ ಬೇನೆ ಬರುತ್ತದೆ, ಸಂಜೆ ಚೆನ್ನಾಗಿದ್ದದ್ದು ಬೆಳಗ್ಗೆ ಇರುವುದಿಲ್ಲ. ಲಸಿಕೆ ಹಾಕಿಸಿದರೂ ಮೊದಮೊದಲು ಹೊಟ್ಟು ತಿನ್ನಿಸಿ ಸ್ವಲ್ಪ ಹೊತ್ತು ಮಾತ್ರ ಬಿಟ್ಟೆವು, ದಿನದಿನಕ್ಕೆ ಹೆಚ್ಚಿಸಿದೆವು. ಇನ್ನೊಂದು, ಆಕಳಿಗೆ ಕೊಡುವ ಖನಿಜ ಮಿಶ್ರಣ ಕುರಿಗೆ ಹಾಕಬಾರದು. ಅದರಲ್ಲಿನ ತಾಮ್ರ ಕುರಿಗೆ ತಡೆಯುವುದಿಲ್ಲ.

ಅಜ್ಜ ಹೇಳಿದ ‘ಎಬ್ಬಿಸೂದು’ ಅಂದರೆ ಏನು ಅಂತ ಆಗ ಗೊತ್ತಾಯಿತು. 10 ಗುಂಟೆಯನ್ನು ಎಂಟು ಭಾಗ ಮಾಡಿದ್ದೇವೆ. ಗೋಡೆ, ತಂತಿ ಏನೂ ಇಲ್ಲ. ಕುರಿಗಾರರು ರಾತ್ರಿ ಹಿಂಡು ಕೂಡಿಹಾಕಲು ಗೂಟಕ್ಕೆ ಕಟ್ಟುತ್ತಾರಲ್ಲ, ಆ ಬಲೆ. ಒಂದು ಭಾಗದಲ್ಲಿ ಮೂರು ದಿನ, ಹೆಚ್ಚೆಂದರೆ ನಾಲ್ಕು. ಆಮೇಲೆ ಗೂಟ ಕಿತ್ತು ಮುಂದಿನದಕ್ಕೆ. ಮೊದಲ ಭಾಗಕ್ಕೆ ವಾಪಸ್ ಬರಲು ಹೆಚ್ಚುಕಮ್ಮಿ ತಿಂಗಳು. ಹುಲ್ಲು ನಾಲ್ಕು ಬೆರಳಿಗಿಂತ ಕೆಳಗೆ ಇಳಿದರೆ ದಿನ ಆಗಿರಲಿ ಬಿಡಲಿ, ಎಬ್ಬಿಸಲೇಬೇಕು. ಲಾನ್ ಇಟ್ಟವರಿಗೆ ಇದು ಒಗ್ಗುವುದು ಕಷ್ಟ. ಭಾವನವರಿಗೆ ಇಂದಿಗೂ ಎತ್ತರದ ಹುಲ್ಲು ಕಂಡರೆ ‘ಸ್ವಚ್ಛ ಮಾಡಿಸಬೇಕಿತ್ತು’ ಅನ್ನಿಸುತ್ತದೆ, ಚೊಕ್ಕಟ ತಿಂದ ಭಾಗ ಕಂಡರೆ ಖುಷಿಯಾಗುತ್ತದೆ. ನನಗೆ ಎರಡೂ ಉಲ್ಟಾ.

ಈ ನಾಲ್ಕು ಬೆರಳು, ನಾಲ್ಕು ದಿನ ಬರೀ ಹುಲ್ಲಿಗಾಗಿ ಅಲ್ಲ. ಜಂತುಹುಳಕ್ಕಾಗಿ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಮಳೆಗಾಲದ ಬೆಚ್ಚಗಿನ ಹಸಿಯಲ್ಲಿ ಒಂದು ವಾರದೊಳಗೆ ಮರಿಯಾಗಿ ಹುಲ್ಲು ಹತ್ತುತ್ತದೆ. ಹೆಚ್ಚಿನವು ಬುಡದ ಎರಡು ಇಂಚಿನಲ್ಲೇ ಇರುತ್ತವೆ. ಕುರಿ ಬುಡ ಕೆರೆದು ತಿಂದರೆ ನೇರ ಹೊಟ್ಟೆಗೆ. ಅಲ್ಲಿ ಕೂತು ರಕ್ತ ಹೀರುತ್ತವೆ. ಸಣ್ಣ ಜಾಗದಲ್ಲಿ ಕುರಿ ಸಾಕುವವರಿಗೆ ಕಳ್ಳನಿಗಿಂತ ನಾಯಿಗಿಂತ ದೊಡ್ಡ ಭಯ ಇದೇ. ಬಯಲಲ್ಲಿ ಹತ್ತು ಮೈಲಿ ನಡೆಯುವ ಹಿಂಡು ತನ್ನ ಹಿಕ್ಕೆಯ ಕಡೆ ತಿರುಗಿ ಬರುವುದಿಲ್ಲ, ನಮ್ಮ ಕುರಿಗಳಿಗೆ ಹೋಗಲು ಬೇರೆ ಊರಿಲ್ಲ. ಇಬ್ಬನಿ ಆರುವ ತನಕ ಬಿಡುವುದಿಲ್ಲ, ಒದ್ದೆ ಹುಲ್ಲಿನಲ್ಲಿ ಮರಿಹುಳ ಮೇಲೆ ಏರಿರುತ್ತದೆ. ವಾರಕ್ಕೊಮ್ಮೆ ಕೆಳಗಿನ ಕಣ್ರೆಪ್ಪೆ ಮೆಲ್ಲಗೆ ಎಳೆದು ನೋಡುತ್ತೇನೆ. ಒಳಗೆ ಕೆಂಪಾಗಿದ್ದರೆ ಸರಿ. ಬಿಳಚಿಕೊಂಡಿದ್ದರೆ, ಇಲ್ಲಾ ದವಡೆಯ ಕೆಳಗೆ ನೀರು ತುಂಬಿ ಊದಿದ್ದರೆ, ಹಿಕ್ಕೆ ಹಿಡಿದುಕೊಂಡು ಪಶು ಆಸ್ಪತ್ರೆಗೆ. ಸುಮ್ನೆ ತಿಂಗಳಿಗೊಮ್ಮೆ ಎಲ್ಲಕ್ಕೂ ಜಂತಿನ ಔಷಧಿ ಕುಡಿಸಿದರೆ ಹುಳ ಅದಕ್ಕೆ ಒಗ್ಗಿಹೋಗುತ್ತದೆ.

ಸಂಕ್ರಾಂತಿ ಮುಗಿದ ಮೇಲೆ ಬಲೆ ಸುತ್ತಿಡುತ್ತೇವೆ. ನೆಲಕ್ಕೆ ಪೂರ್ತಿ ರಜೆ. ಕುರಿ ವೇದಿಕೆಯ ಪಕ್ಕದ ಬಯಲಲ್ಲಿ, ಅಟ್ಟದ ಒಣ ಹುಲ್ಲು, ಶೇಂಗಾ ಹೊಟ್ಟು, ಬೇಲಿ ಮೆಂತೆಯ ಹಸಿ ಕೊಂಬೆ ತಿಂದುಕೊಂಡು ಇರುತ್ತವೆ. ಅಣ್ಣಿಗೇರಿ, ನವಲಗುಂದ ಕಡೆ ಕಡಲೆ ರಾಶಿ ಆದಾಗ ಹೊಟ್ಟು ಸಿಗುತ್ತದೆ, ಆಗಲೇ ತಂದಿಟ್ಟುಕೊಂಡರೆ ಲಾಭ. ಬೋರಿನ ನೀರು ಈಗ ಬೇಲಿ ಮೆಂತೆಗೆ ಮತ್ತು ಕುಡಿಯಲು ಅಷ್ಟೇ. ಕರೆಂಟ್ ಬಿಲ್ ನೋಡಿದ ಮೇಲೆ ಭಾವ ಪೇವರ್ ಮಾತು ಎತ್ತಿಲ್ಲ. ಲಾಭ ಎಷ್ಟು ಅಂತ ಕೇಳುವವರಿಗೆ ಹೇಳೋದು ಇಷ್ಟೇ, ಮೂರು ಕುರಿಯಿಂದ ಮನೆ ನಡೆಯುವುದಿಲ್ಲ. ಗಂಡು ಮರಿ ಮಾರಿದ ದುಡ್ಡು ಹೊಟ್ಟಿಗೂ ಬಲೆಗೂ ಸರಿಹೋಗುತ್ತದೆ. ಗೊಬ್ಬರ ಉಳಿಯುತ್ತದೆ, ಅದನ್ನು ಪಕ್ಕದ ಹೊಲದವರೇ ಬಂದು ಒಯ್ಯುತ್ತಾರೆ.

ಬಂದವರೆಲ್ಲ ಕೇಳುವ ಇನ್ನೊಂದು ಪ್ರಶ್ನೆ, ಆಡು ಯಾಕಿಲ್ಲ? ಹಾಲೂ ಕೊಡುತ್ತದಲ್ಲ ಅಂತ. ಆಡು ಮುಟ್ಟದ ಸೊಪ್ಪಿಲ್ಲ ಅನ್ನೋದು ನಿಜ, ಆದರೆ ಅದಕ್ಕೆ ಬೇಕಾಗಿದ್ದೂ ಸೊಪ್ಪೇ. ತಲೆ ಎತ್ತಿ ಗಿಡ ತಿನ್ನುವ ಪ್ರಾಣಿಯನ್ನು ಗಿಡ್ಡ ಹುಲ್ಲಿನ ಮೇಲೆ ಬಿಟ್ಟರೆ ಜಂತು ಕುರಿಗಿಂತ ಬೇಗ ಹತ್ತುತ್ತದೆ. ಮೇಲೆ ನಮ್ಮ ಎಳೆ ಮಾವಿನ ಗಿಡಗಳ ತೊಗಟೆ ಉಳಿಯುವುದಿಲ್ಲ, ಚೈನ್ ಲಿಂಕ್ ಮೇಲೆ ಕಾಲಿಟ್ಟು ನಿಂತರೆ ಬೇಲಿಯೂ ಉಳಿಯುವುದಿಲ್ಲ. ಭಾವನವರ ಮಗಳಿಗೆ ಮಾತ್ರ ಒಂದು ಆಡಿನ ಮರಿ ಬೇಕೇ ಬೇಕಂತೆ. ಬೇಲಿ ಮೆಂತೆ ಸಾಲು ಇನ್ನೊಂದು ವರ್ಷ ಬಲಿಯಲಿ, ಆಮೇಲೆ ನೋಡೋಣ ಅಂದಿದ್ದೇನೆ.